ದೋಣಿಯ ಡೀಸೆಲ್ ಎಂಜಿನ್ನಿಗೆ ಐಡಲ್ ಸೆಟ್ ಮಾಡುವುದು: ತಿರುಪಿಗೆ ಕೈ ಹಾಕುವ ಮುಂಚೆ, ಆಮೇಲೆ

ಐಡಲ್ ಅಂದರೆ ರೇಸ್ ಕೊಡದೆ ಬಿಟ್ಟಾಗ ಎಂಜಿನ್ ತಿರುಗುವ ವೇಗ. ಅದರ ತಿರುಪನ್ನು ತಿರುಗಿಸುವುದು ಎರಡು ನಿಮಿಷದ ಕೆಲಸ. ತಿರುಗಿಸಬೇಕೋ ಬೇಡವೋ ಎಂದು ಗೊತ್ತುಮಾಡಿಕೊಳ್ಳಲು ಅರ್ಧ ದಿನ ಹಿಡಿಯಬಹುದು. ಗೊರೂರಿನ ಹೇಮಾವತಿ ಹಿನ್ನೀರಿರಲಿ, ಲಕ್ಕವಳ್ಳಿಯ ಭದ್ರಾ ಹಿನ್ನೀರಿರಲಿ, ದಡಕ್ಕೆ ಬರುವಾಗ ಎಂಜಿನ್ ಆಫ್ ಆಗುತ್ತಿದೆ ಅಂದ ಕೂಡಲೇ ಯಾರಾದರೊಬ್ಬರು ಸ್ಕ್ರೂಡ್ರೈವರ್ ತೆಗೆದು ತಿರುಪು ಒಳಕ್ಕೆ ತಿರುಗಿಸುತ್ತಾರೆ. ಅವತ್ತಿಗೆ ಎಂಜಿನ್ ನಿಲ್ಲುವುದಿಲ್ಲ. ತಿಂಗಳೊಪ್ಪತ್ತಿನಲ್ಲಿ ಗೇರ್ ಹಾಕಿದಾಗಲೆಲ್ಲ ‘ಠಣ್’ ಅನ್ನಲು ಶುರುವಾಗುತ್ತದೆ.

ನಮ್ಮ ಕಡೆ ಇನ್ನೊಂದು ತೊಡಕಿದೆ. ದೋಣಿ ಎಂಜಿನ್ನಿಗೆಂದೇ ಮೆಕ್ಯಾನಿಕ್ ಸಿಗುವುದು ಮಂಗಳೂರು, ಮಲ್ಪೆ ಕಡೆಗೆ. ಇಲ್ಲಿ ಕರೆದರೆ ಬರುವವರು ಕಾಫಿ ತೋಟದ ಸ್ಪ್ರಿಂಕ್ಲರ್ ಪಂಪ್‌ಸೆಟ್ ಅಥವಾ ಟ್ರ್ಯಾಕ್ಟರ್ ನೋಡುವವರು. ಡೀಸೆಲ್ ಎಂಜಿನ್ ಅವರಿಗೆ ಅಂಗೈ ಗೆರೆಯಷ್ಟು ಪರಿಚಿತ, ಅದರಲ್ಲಿ ಎರಡು ಮಾತಿಲ್ಲ. ಆದರೆ ನಿಮಿಷಕ್ಕೆ 1500 ಸುತ್ತಿನಲ್ಲಿ ಇಡೀ ದಿನ ಒಂದೇ ಸಮನೆ ಓಡುವ ಪಂಪ್‌ಸೆಟ್ಟಿಗೆ ಐಡಲ್ ಅನ್ನುವುದು ಲೆಕ್ಕಕ್ಕೇ ಇಲ್ಲ. ಟ್ರ್ಯಾಕ್ಟರಿಗೆ ಕ್ಲಚ್ ಪೆಡಲ್ ಇದೆ, ನಿಧಾನಕ್ಕೆ ಬಿಡಬಹುದು. ದೋಣಿಯಲ್ಲಿ ಗೇರ್ ಬಿತ್ತೆಂದರೆ ಆ ಕ್ಷಣವೇ ಪ್ರೊಪೆಲ್ಲರ್ ನೀರನ್ನು ತಳ್ಳಬೇಕು, ಅದೂ ಐಡಲ್ ವೇಗದಲ್ಲೇ. ಹಾಗಾಗಿ ದೋಣಿಯ ಐಡಲ್ಲನ್ನು ಕಿವಿಗೆ ಇಂಪಾಗಿ ಕೇಳುವ ಹಾಗೆ ಇಟ್ಟರೆ ಸಾಲದು. ಗೇರಿಗೂ ನೀರಿಗೂ ಒಪ್ಪುವ ಹಾಗೆ ಇಡಬೇಕು.

ಇಲ್ಲಿ ಬರೆದಿರುವುದು ದೋಣಿಯೊಳಗೆ ಕೂರಿಸಿದ, ಮೆಕ್ಯಾನಿಕಲ್ ಇಂಜೆಕ್ಷನ್ ಪಂಪ್ (ಸಿಲಿಂಡರಿಗೆ ಡೀಸೆಲ್ ಒತ್ತಿ ಕಳಿಸುವ ಪಂಪ್) ಇರುವ ಡೀಸೆಲ್ ಎಂಜಿನ್ನಿನ ಬಗ್ಗೆ. ಹಿಂದೆ ನೇತುಹಾಕುವ ಪೆಟ್ರೋಲ್ ಔಟ್‌ಬೋರ್ಡಿಗೆ ಇದು ಹೊಂದುವುದಿಲ್ಲ. ಕಾಮನ್ ರೈಲ್ ಎಂಜಿನ್ ಆದರೆ ಐಡಲ್ ತಿರುಪೇ ಇರುವುದಿಲ್ಲ, ಕಂಪ್ಯೂಟರ್ ಹೇಳಿದಷ್ಟೇ ಸುತ್ತು. ಅದರಲ್ಲಿ ಐಡಲ್ ಕೆಟ್ಟರೆ ಸ್ಕ್ಯಾನರ್ ಹಾಕಿಸಬೇಕು.

ಎಷ್ಟು ಸುತ್ತು ಇರಬೇಕು

ಮೊದಲು ಎಂಜಿನ್ನಿನ ಕೈಪಿಡಿ ನೋಡಿ. ಸಣ್ಣ ಮರೀನ್ ಡೀಸೆಲ್‌ಗಳು ಹೆಚ್ಚಾಗಿ 700ರಿಂದ 900ರ ನಡುವೆ ಬರುತ್ತವೆ. ಯಾನ್ಮಾರ್‌ನ ಹಳೆಯ ಜಿಎಂ ಸರಣಿಗೆ 850, ಅತ್ತಿತ್ತ 25. ಟ್ರ್ಯಾಕ್ಟರ್ ಅಥವಾ ಜೀಪಿನ ಎಂಜಿನ್ನನ್ನು ತಂದು ದೋಣಿಗೆ ಕೂರಿಸಿದ್ದರೆ ಮೂಲ ಐಡಲ್ ಇನ್ನೂ ಕಡಿಮೆ ಇರಬಹುದು. ಅದನ್ನು ಹಾಗೇ ಉಳಿಸಿಕೊಂಡರೆ ದೋಣಿಯಲ್ಲಿ ಗೇರ್‌ಬಾಕ್ಸ್ ಗಡಗಡ ಅನ್ನುವ ಸಂಭವ ಹೆಚ್ಚು.

ಆ ಗಡಗಡ ಯಾಕೆ ಬರುತ್ತದೆ ಗೊತ್ತಿರಲಿ. ಡೀಸೆಲ್ ಎಂಜಿನ್ ತಿರುಗುವುದು ಒಂದೇ ಸಮನೆ ಅಲ್ಲ. ಒಂದೊಂದು ಸಿಲಿಂಡರ್ ಹೊಡೆದಾಗಲೂ ಒಂದು ಒದೆ, ನಡುವೆ ಒಂದು ಎಳೆತ. ಸುತ್ತು ಕಡಿಮೆಯಾದಷ್ಟೂ ಈ ಏರುಪೇರು ಹೆಚ್ಚು. ಫ್ಲೈವೀಲಿಗೂ ಗೇರ್‌ಬಾಕ್ಸಿಗೂ ನಡುವೆ ಇರುವ ಡ್ಯಾಂಪರ್ ಪ್ಲೇಟಿನ ಸ್ಪ್ರಿಂಗುಗಳು ಆ ಒದೆಯನ್ನು ನುಂಗಿಕೊಳ್ಳಬೇಕು. ಐಡಲ್ ತೀರಾ ಇಳಿದರೆ ಸ್ಪ್ರಿಂಗು ತುದಿ ಮುಟ್ಟಿ ಹಿಂದಕ್ಕೆ ಬಡಿಯುತ್ತದೆ, ಹಲ್ಲಿಗೆ ಹಲ್ಲು ತಾಗಿ ಸದ್ದು ಬರುತ್ತದೆ. 50 ಸುತ್ತು ಏರಿಸಿದ ಕೂಡಲೇ ಸದ್ದು ನಿಂತರೆ ಐಡಲ್ ಕಡಿಮೆ ಇತ್ತೆಂದು ಅರ್ಥ. ಕೈಪಿಡಿ ಹೇಳಿದ ಸುತ್ತಿನಲ್ಲೂ ಸದ್ದು ಇದ್ದರೆ ಪ್ಲೇಟೇ ಸವೆದಿದೆ. ಐಡಲ್ ಏರಿಸಿ ಅದನ್ನು ಮುಚ್ಚಿಡಬೇಡಿ.

ಕಡಿಮೆ ಐಡಲ್ಲಿನಿಂದ ಇನ್ನೆರಡು ತೊಂದರೆ ಇವೆ. ಬಿಸಿಯಾದ ಎಂಜಿನ್ನಿನಲ್ಲಿ ಆಯಿಲ್ ಪ್ರೆಶರ್ ತೀರಾ ಕೆಳಗಿಳಿಯುತ್ತದೆ. ಆಲ್ಟರ್ನೇಟರ್ ಚಾರ್ಜ್ ಮಾಡುವುದಿಲ್ಲ. ಡ್ಯಾಶಿನ ಮೇಲಿನ ಕೆಂಪು ದೀಪ ಮಿಣಮಿಣ ಅನ್ನುತ್ತಿದ್ದರೆ ಅದನ್ನು ಬ್ಯಾಟರಿ ದೋಷ ಅಂದುಕೊಂಡು ಹೊಸ ಬ್ಯಾಟರಿ ಹಾಕಿಸಿದವರಿದ್ದಾರೆ.

ಜಾಸ್ತಿ ಐಡಲ್ಲಿನ ತೊಂದರೆಗೆ ಸ್ವಲ್ಪ ಲೆಕ್ಕ ಬೇಕು. ಎಂಜಿನ್ 850, ಗೇರ್‌ಬಾಕ್ಸ್ ಅನುಪಾತ 2.14 ಎಂದಿಟ್ಟುಕೊಳ್ಳಿ. ಶಾಫ್ಟ್ ಸುಮಾರು 397 ಸುತ್ತು ತಿರುಗುತ್ತದೆ. ಪ್ರೊಪೆಲ್ಲರಿನ ಪಿಚ್, ಅಂದರೆ ಒಂದು ಸುತ್ತಿಗೆ ಅದು ಮುಂದೆ ಸಾಗುವ ದೂರ, 10 ಇಂಚಾದರೆ ಜಾರುವಿಕೆ ಇಲ್ಲದೆ ನಿಮಿಷಕ್ಕೆ 100 ಮೀಟರ್, ಅಂದರೆ ಗಂಟೆಗೆ 6 ಕಿಲೋಮೀಟರ್. ನಿಜದಲ್ಲಿ ಅರ್ಧದಷ್ಟು ಜಾರಿದರೂ ಗಂಟೆಗೆ 3 ಕಿಲೋಮೀಟರ್ ವೇಗದಲ್ಲಿ ದೋಣಿ ತಾನಾಗಿ ದಡದ ಕಡೆ ಹೋಗುತ್ತದೆ. ಐಡಲ್ಲನ್ನು 1100ಕ್ಕೆ ಏರಿಸಿದರೆ ಅದೇ ಸುಮಾರು 4 ಆಗುತ್ತದೆ. ಜನ ತುಂಬಿದ ದೋಣಿ, ಕಲ್ಲಿನ ಕಟ್ಟೆ, ಹಗ್ಗ ಹಿಡಿದು ನಿಂತ ಒಬ್ಬ ಹುಡುಗ: ಆ ಒಂದು ಕಿಲೋಮೀಟರ್ ಸಣ್ಣದಲ್ಲ. ಇದರ ಜೊತೆಗೆ ಕೋನ್ ಕ್ಲಚ್ ಇರುವ ಗೇರ್‌ಬಾಕ್ಸಿಗೆ ಪ್ರತಿ ಸಲವೂ ಪೆಟ್ಟು.

ಸುತ್ತು ಅಳೆಯುವುದು

ಡ್ಯಾಶಿನ ಮೀಟರನ್ನು ನಂಬಿ ಐಡಲ್ ಸೆಟ್ ಮಾಡಬಾರದು. ಬಹಳಷ್ಟು ದೋಣಿಗಳಲ್ಲಿ ಅದು ಆಲ್ಟರ್ನೇಟರಿನ ‘ಡಬ್ಲ್ಯು’ ಟರ್ಮಿನಲ್ಲಿನಿಂದ ಬರುವ ಸಿಗ್ನಲ್ ಓದುತ್ತದೆ. ಬೆಲ್ಟ್ ಜಾರಿದರೆ ಕಡಿಮೆ ತೋರಿಸುತ್ತದೆ. ಆಲ್ಟರ್ನೇಟರ್ ಬದಲಾಯಿಸುವಾಗ ಪುಲ್ಲಿಯ ಅಳತೆ ಬೇರೆಯಾಗಿದ್ದರೆ ಮೀಟರ್ ಎಲ್ಲ ವೇಗದಲ್ಲೂ ಸುಳ್ಳು ಹೇಳುತ್ತದೆ.

ಲೇಸರ್ ಟ್ಯಾಕೋಮೀಟರ್ ಸುಲಭ. ಎಂಜಿನ್ ನಿಲ್ಲಿಸಿ ಕ್ರ್ಯಾಂಕ್ ಪುಲ್ಲಿಯನ್ನು ಒರೆಸಿ, ಜೊತೆಗೆ ಬರುವ ಬೆಳ್ಳಿ ಟೇಪಿನ ಒಂದು ಬೆರಳಗಲದ ಚೂರು ಅಂಟಿಸಿ. ಒಂದೇ ಚೂರು, ಎರಡು ಅಂಟಿಸಿದರೆ ಸುತ್ತು ಇಮ್ಮಡಿ ಬರುತ್ತದೆ. ಟೇಪನ್ನು ಆಲ್ಟರ್ನೇಟರ್ ಪುಲ್ಲಿಗೂ ನೀರಿನ ಪಂಪಿನ ಪುಲ್ಲಿಗೂ ಅಂಟಿಸಬೇಡಿ, ಅವುಗಳ ಸುತ್ತೇ ಬೇರೆ.

ಟ್ಯಾಕೋಮೀಟರ್ ಇಲ್ಲದಿದ್ದರೆ ಮೊಬೈಲ್ ಸಾಕು. ಪುಲ್ಲಿಯ ಮೇಲೆ ಸೀಮೆಸುಣ್ಣದಲ್ಲಿ ಒಂದು ಗೆರೆ ಎಳೆದು, ಸೆಕೆಂಡಿಗೆ 240 ಫ್ರೇಮಿನ ಸ್ಲೋ ಮೋಷನ್ ವಿಡಿಯೊ ತೆಗೆಯಿರಿ. ಆಮೇಲೆ ಒಂದೊಂದೇ ಫ್ರೇಮ್ ಸರಿಸುತ್ತಾ ಗೆರೆ 10 ಸುತ್ತು ತಿರುಗಲು ಎಷ್ಟು ಫ್ರೇಮ್ ಹಿಡಿಯಿತು ಎಣಿಸಿ. 1,44,000ವನ್ನು ಆ ಸಂಖ್ಯೆಯಿಂದ ಭಾಗಿಸಿದರೆ ನಿಮಿಷದ ಸುತ್ತು. 160 ಫ್ರೇಮ್ ಬಂದರೆ 900, 170 ಬಂದರೆ ಸುಮಾರು 847, 180 ಬಂದರೆ 800, 192 ಬಂದರೆ 750. ಒಂದೇ ಸುತ್ತು ಎಣಿಸಿ ಲೆಕ್ಕ ಹಾಕಬೇಡಿ, ಒಂದು ಫ್ರೇಮ್ ತಪ್ಪಿದರೂ 50 ಸುತ್ತು ವ್ಯತ್ಯಾಸ. ಕೆಲವು ಅಗ್ಗದ ಫೋನುಗಳು ಫ್ರೇಮುಗಳನ್ನು ತಾವೇ ಹುಟ್ಟಿಸಿ 240 ಎಂದು ತೋರಿಸುತ್ತವೆ. ಸುತ್ತು ಗೊತ್ತಿರುವ ಯಾವುದಾದರೂ ಯಂತ್ರದ ಮೇಲೆ ಒಮ್ಮೆ ತಾಳೆ ನೋಡಿಕೊಳ್ಳಿ.

ತಿರುಪು ಮುಟ್ಟುವ ಮುಂಚೆ

ಎಂಜಿನ್ ಪೂರ್ತಿ ಬಿಸಿಯಾಗಿರಬೇಕು. ಡಿಸೆಂಬರಿನ ಬೆಳಗಿನ ಚಳಿಗೆ ಆಯಿಲ್ ಗಟ್ಟಿಯಾಗಿರುತ್ತದೆ, ಐಡಲ್ ತಾನಾಗಿಯೇ ಕೆಳಗಿರುತ್ತದೆ. ಆಗ ಸೆಟ್ ಮಾಡಿದರೆ ಮಧ್ಯಾಹ್ನಕ್ಕೆ 100 ಸುತ್ತು ಮೇಲೆ ಹೋಗಿರುತ್ತದೆ. ಖಾಲಿ ಓಡಿಸಿದರೆ ಡೀಸೆಲ್ ಬೇಗ ಬಿಸಿಯಾಗುವುದಿಲ್ಲ. 15ರಿಂದ 20 ನಿಮಿಷ ನೀರಿನಲ್ಲಿ ಸುತ್ತಾಡಿಸಿ ಬನ್ನಿ. ಮುಚ್ಚಿದ ಕೂಲೆಂಟ್ ಇರುವ ಎಂಜಿನ್ 75–85 ಡಿಗ್ರಿಗೆ ಬರಬೇಕು. ಕೆರೆಯ ನೀರನ್ನೇ ನೇರವಾಗಿ ಎಳೆದು ತಂಪಾಗುವ ಎಂಜಿನ್ನಿನ ಥರ್ಮೋಸ್ಟಾಟ್ ಅದಕ್ಕಿಂತ ಬಹಳ ಕೆಳಗೇ ತೆರೆಯುತ್ತದೆ, 50ರ ಆಸುಪಾಸಿನಲ್ಲಿ ಮುಳ್ಳು ನಿಂತರೆ ಅದು ಕಾಯಿಲೆಯಲ್ಲ.

ಎತ್ತರದ ಬಗ್ಗೆ ಒಂದು ಮಾತು. ಹೇಮಾವತಿ ಜಲಾಶಯದ ತುಂಬು ಮಟ್ಟ ಸಮುದ್ರದಿಂದ 2922 ಅಡಿ, ಭದ್ರಾದ್ದು 2158 ಅಡಿ. ಗೊರೂರಿನಲ್ಲಿ ಗಾಳಿಯ ಒತ್ತಡ ಕರಾವಳಿಗಿಂತ ಸುಮಾರು ಶೇ 10ರಷ್ಟು ಕಡಿಮೆ. ಬೆಳಗ್ಗೆ ಸ್ಟಾರ್ಟ್ ಮಾಡಿದಾಗ ಬಿಳಿ ಹೊಗೆ ಸ್ವಲ್ಪ ಹೆಚ್ಚು ಹೊತ್ತು ಬರುವುದಕ್ಕೂ, ಪೂರ್ತಿ ರೇಸ್ ಕೊಟ್ಟಾಗ ಕಪ್ಪು ಹೊಗೆ ಕಾಣುವುದಕ್ಕೂ ಇದು ಕಾರಣವಾಗಬಹುದು. ಐಡಲ್ಲಿಗೆ ಮಾತ್ರ ಇದರಿಂದ ಏನೂ ಬದಲಾಯಿಸಬೇಕಾಗಿಲ್ಲ. ಐಡಲ್ಲನ್ನು ಹಿಡಿದಿಡುವುದು ಗವರ್ನರ್ (ಸುತ್ತಿಗೆ ತಕ್ಕಂತೆ ಡೀಸೆಲ್ ಹೆಚ್ಚುಕಡಿಮೆ ಮಾಡುವ ಭಾಗ), ಅದಕ್ಕೆ ಗಾಳಿ ತೆಳುವಾದದ್ದು ಲೆಕ್ಕವಿಲ್ಲ.

ಈಗ ಕೇಬಲ್. ಐಡಲ್ ದೂರುಗಳಲ್ಲಿ ಬಹುಪಾಲು ಇಲ್ಲೇ ಮುಗಿಯುತ್ತವೆ. ಎಂಜಿನ್ ನಿಲ್ಲಿಸಿ, ಕಂಟ್ರೋಲ್ ಲಿವರನ್ನು ನ್ಯೂಟ್ರಲ್ಲಿನಲ್ಲಿಟ್ಟು, ಪಂಪಿನ ಮೇಲಿರುವ ರೇಸ್ ಲಿವರ್ ಐಡಲ್ ತಿರುಪಿನ ತುದಿಗೆ ತಾಗಿ ಕೂತಿದೆಯೇ ನೋಡಿ. ಒಂದು ತೆಳು ಕಾಗದ ನಡುವೆ ತೂರಿದರೆ ಲಿವರ್ ತಿರುಪಿನ ಮೇಲಿಲ್ಲ, ಕೇಬಲ್ ಅದನ್ನು ಹಿಡಿದುಕೊಂಡಿದೆ. ಅಂಥ ಎಂಜಿನ್ನಿನಲ್ಲಿ ತಿರುಪು ಎಷ್ಟು ಬಿಚ್ಚಿದರೂ ಸುತ್ತು ಇಳಿಯುವುದಿಲ್ಲ. ಪಿನ್ ತೆಗೆದು ಕೇಬಲ್ ಬಿಡಿಸಿ ಲಿವರನ್ನು ಕೈಯಲ್ಲಿ ಆಡಿಸಿ. ಸರಾಗವಾಗಿ ಹಿಂದಕ್ಕೆ ಬರಬೇಕು. ಕೇಬಲ್ಲಿನ ಒಳತಂತಿಯನ್ನೂ ಬೇರೆಯಾಗಿ ಎಳೆದು ನೋಡಿ. ಮಳೆಗಾಲದಲ್ಲಿ ನೀರಿಳಿದು ತುಕ್ಕು ಹಿಡಿದ ಕೇಬಲ್ ಒಂದು ದಿನ 800ಕ್ಕೆ, ಮರುದಿನ 950ಕ್ಕೆ ಬಿಡುತ್ತದೆ. ಅದಕ್ಕೆ ಎಣ್ಣೆ ಹಾಕಿ ಕಾಲ ತಳ್ಳುವುದಕ್ಕಿಂತ ಹೊಸದು ಹಾಕುವುದೇ ಮೇಲು.

ಹಾಗೇ ಸ್ಟಾಪ್ ಕೇಬಲ್ಲನ್ನೂ ನೋಡಿ. ಎಂಜಿನ್ ನಿಲ್ಲಿಸಲು ಎಳೆದ ಹಿಡಿಯನ್ನು ಪೂರ್ತಿ ಒಳಕ್ಕೆ ತಳ್ಳದಿದ್ದರೆ ಪಂಪಿನ ಸ್ಟಾಪ್ ಲಿವರ್ ಅರ್ಧದಲ್ಲೇ ನಿಂತು ಡೀಸೆಲ್ ಕಡಿತ ಮಾಡುತ್ತದೆ. ಐಡಲ್ ಇಳಿಯುತ್ತದೆ, ರೇಸ್ ಕೊಟ್ಟರೂ ಎಂಜಿನ್ ಏಳುವುದಿಲ್ಲ.

ಆಮೇಲೆ ಡೀಸೆಲ್. ನೀರು ಬೇರ್ಪಡಿಸುವ ಗಾಜಿನ ಬಟ್ಟಲು ಇದ್ದರೆ ಅದರ ತಳ ನೋಡಿ, ನೀರು ಗುಂಡುಗುಂಡಾಗಿ ಕೆಳಗೆ ಕೂತಿರುತ್ತದೆ. ಮಲೆನಾಡಿನ ಮಳೆಗಾಲದಲ್ಲಿ ಅರ್ಧ ಖಾಲಿ ಟ್ಯಾಂಕಿನ ಒಳಗೋಡೆ ಬೆವರುತ್ತದೆ. ಜೂನಿಗೆ ಮುಂಚೆ ಟ್ಯಾಂಕ್ ತುಂಬಿಸಿಟ್ಟವರಿಗೆ ಈ ಕಾಟ ಕಡಿಮೆ. ಫಿಲ್ಟರಿನಲ್ಲಿ ಕಪ್ಪು ಲೋಳೆ ಸಿಕ್ಕರೆ ಅದು ನೀರೂ ಡೀಸೆಲ್ಲೂ ಸೇರುವಲ್ಲಿ ಬೆಳೆಯುವ ಸೂಕ್ಷ್ಮಜೀವಿ. ಫಿಲ್ಟರ್ ಬದಲಾಯಿಸಿದರೆ ಸಾಲದು, ಟ್ಯಾಂಕ್ ತೊಳೆಯಬೇಕು. ಹಾಸನ ಹತ್ತಿರದ ಮಡೆನೂರಿನ ಜೈವಿಕ ಇಂಧನ ಉದ್ಯಾನದಿಂದಾಗಿ ನಮ್ಮ ಜಿಲ್ಲೆಯ ರೈತರಿಗೆ ಹೊಂಗೆ ಎಣ್ಣೆಯ ಬಯೋಡೀಸೆಲ್ ಹೊಸ ಮಾತಲ್ಲ. ಹಳೆಯ ಟ್ಯಾಂಕಿಗೆ ಮೊದಲ ಸಲ ಬಯೋಡೀಸೆಲ್ ಬೆರೆಸಿದರೆ ಅದು ತಳದ ಗಸಿಯನ್ನೆಲ್ಲ ಕರಗಿಸಿ ಎಬ್ಬಿಸುತ್ತದೆ, ಮೊದಲೆರಡು ಫಿಲ್ಟರ್ ಬೇಗ ಕಟ್ಟಿಕೊಳ್ಳುತ್ತವೆ. ಆಗ ಐಡಲ್ ಕುಣಿದರೆ ತಿರುಪಿನ ತಪ್ಪಲ್ಲ.

ಕೊನೆಗೆ ನೀರಿನ ಕೆಳಗಿರುವುದು. ನ್ಯೂಟ್ರಲ್ಲಿನಲ್ಲಿ ಐಡಲ್ ಸರಿಯಿದ್ದು ಗೇರ್ ಹಾಕಿದಾಗ ಮಾತ್ರ ಎಂಜಿನ್ ನಿಲ್ಲುತ್ತಿದ್ದರೆ ಮೊದಲು ಪ್ರೊಪೆಲ್ಲರ್ ನೋಡಿ. ಅಂತರಗಂಗೆ, ಜೊಂಡು, ಹರಿದ ನೈಲಾನ್ ಬಲೆ ಯಾವುದಾದರೂ ಸುತ್ತಿಕೊಂಡಿರುತ್ತದೆ. ಬೇಸಿಗೆಯಲ್ಲಿ ಹೇಮಾವತಿ ಇಳಿದು ಶೆಟ್ಟಿಹಳ್ಳಿ ಚರ್ಚಿನ ಬುಡ ಕಾಣುವ ಹೊತ್ತಿಗೆ ಮುಳುಗಿದ್ದ ಮರದ ಬೊಡ್ಡೆಗಳೂ ನೀರಿನ ಮೇಲ್ಮೈಗೆ ಹತ್ತಿರವಾಗಿರುತ್ತವೆ. ಅದಕ್ಕೆ ತಾಗಿ ಒಂದು ರೆಕ್ಕೆ ಮಡಚಿದರೂ, ಶಾಫ್ಟ್ ಕೊಂಚ ಬಾಗಿದರೂ ಹೊರೆ ಏರುತ್ತದೆ. ಎಂಜಿನ್ ನಿಲ್ಲಿಸಿ, ಕೀಲಿ ಕೈಯನ್ನು ಜೇಬಿಗೆ ಹಾಕಿಕೊಂಡು, ನ್ಯೂಟ್ರಲ್ಲಿನಲ್ಲಿ ಶಾಫ್ಟನ್ನು ಕೈಯಿಂದ ತಿರುಗಿಸಿ. ಹೆಚ್ಚು ಬಲ ಬೇಡದೆ ತಿರುಗಬೇಕು. ಗ್ಲ್ಯಾಂಡ್ (ಶಾಫ್ಟ್ ದೋಣಿಯಿಂದ ಹೊರಹೋಗುವಲ್ಲಿ ನೀರು ತಡೆಯುವ ಭಾಗ) ಸೋರುತ್ತದೆಂದು ನಟ್ ಬಿಗಿಮಾಡಿ ಒಂದು ಹನಿಯೂ ಬೀಳದ ಹಾಗೆ ಮಾಡಿದ್ದರೆ ಶಾಫ್ಟ್ ಹಿಡಿದುಕೊಂಡಿರುತ್ತದೆ. ದಾರದ ಪ್ಯಾಕಿಂಗ್ ಇರುವ ಗ್ಲ್ಯಾಂಡ್ ಓಡುವಾಗ ನಿಮಿಷಕ್ಕೆ ಒಂದೆರಡು ಹನಿ ಬಿಡಲೇಬೇಕು, ಅದೇ ಅದಕ್ಕೆ ತಂಪು.

ತಿರುಪು ಹಿಡಿದಾಗ

ದೋಣಿಯನ್ನು ಮುಂದೆ ಹಿಂದೆ ಎರಡೂ ಕಡೆ ಗಟ್ಟಿ ಗೂಟಕ್ಕೆ ಕಟ್ಟಿ. ಪ್ರೊಪೆಲ್ಲರಿನ ಸುತ್ತ ಯಾರೂ ಈಜುತ್ತಿರಬಾರದು. ಎಂಜಿನ್ ಪೆಟ್ಟಿಗೆಯ ಮುಚ್ಚಳ ಪೂರ್ತಿ ತೆಗೆದಿಡಿ, ಸೂರಿನ ಕೆಳಗೆ ಹೊಗೆ ತುಂಬಿಕೊಳ್ಳಬಾರದು. ಪಂಚೆ, ಟವೆಲ್, ಸಡಿಲ ತೋಳಿನ ಅಂಗಿ ಬೆಲ್ಟಿನ ಹತ್ತಿರ ಬೇಡ. ಬೇಕಾಗುವ ಸಾಮಾನು ಕೆಲವೇ: 10ರ ಸ್ಪ್ಯಾನರ್, ಚಪ್ಪಟೆ ಸ್ಕ್ರೂಡ್ರೈವರ್, ಟ್ಯಾಕೋಮೀಟರ್, ಒಂದು ಚೂರು ಬಣ್ಣ.

ಪಂಪಿನ ಲಿವರಿಗೆ ಎರಡು ತಡೆ ತಿರುಪುಗಳಿರುತ್ತವೆ. ರೇಸ್ ಬಿಟ್ಟಾಗ ಲಿವರ್ ಬಂದು ಕೂರುವುದು ಐಡಲ್ ತಿರುಪಿನ ಮೇಲೆ. ಪೂರ್ತಿ ರೇಸಿಗೆ ತಾಗುವುದು ಗರಿಷ್ಠ ವೇಗದ ತಿರುಪು. ಅದಕ್ಕೆ ಹೆಚ್ಚಾಗಿ ತಂತಿ ಮತ್ತು ಸೀಸದ ಮುದ್ರೆ ಇರುತ್ತದೆ. ಮುದ್ರೆ ಇದ್ದದ್ದನ್ನು ಮುಟ್ಟಬೇಡಿ. ಮುದ್ರೆ ಕಿತ್ತುಹೋಗಿದ್ದರೆ ಯಾವುದು ಯಾವುದೆಂದು ಲಿವರ್ ಆಡಿಸಿ ಖಾತ್ರಿಮಾಡಿಕೊಳ್ಳಿ. ತಪ್ಪಿ ಗರಿಷ್ಠದ ತಿರುಪನ್ನು ಬಿಚ್ಚಿದರೆ ಎಂಜಿನ್ ತಡೆಯಿಲ್ಲದೆ ಏರಬಹುದು.

1. ಎಂಜಿನ್ ಬಿಸಿ, ಗೇರ್ ನ್ಯೂಟ್ರಲ್, ಕೇಬಲ್ ಲಿವರಿನಿಂದ ಬಿಡಿಸಿದೆ. ಈಗಿನ ಸುತ್ತು ಅಳೆದು ಬರೆದಿಟ್ಟುಕೊಳ್ಳಿ.
2. ಚೆಕ್ ನಟ್ಟಿನಿಂದ (ತಿರುಪು ಸರಿಯದಂತೆ ಹಿಡಿಯುವ ನಟ್) ಹೊರಗೆ ಕಾಣುವ ತಿರುಪಿನ ಮರೆಗಳನ್ನು, ಅಂದರೆ ಸುರುಳಿ ಗೆರೆಗಳನ್ನು, ಎಣಿಸಿ ಅದನ್ನೂ ಬರೆಯಿರಿ. ಏನಾದರೂ ಎಡವಟ್ಟಾದರೆ ಹಿಂದಿನ ಜಾಗಕ್ಕೆ ಮರಳಲು ಇದೇ ದಾರಿ.
3. ತಿರುಪನ್ನು ಸ್ಕ್ರೂಡ್ರೈವರಿನಿಂದ ಅಲುಗದಂತೆ ಹಿಡಿದು ಚೆಕ್ ನಟ್ ಸಡಿಲಿಸಿ.
4. ಒಳಕ್ಕೆ ತಿರುಗಿಸಿದರೆ ಸುತ್ತು ಏರುತ್ತದೆ, ಹೊರಕ್ಕೆ ತಿರುಗಿಸಿದರೆ ಇಳಿಯುತ್ತದೆ. ಒಂದು ಸಲಕ್ಕೆ ಕಾಲು ಸುತ್ತಿಗಿಂತ ಹೆಚ್ಚು ಬೇಡ. ಪ್ರತಿ ಸಲವೂ ಲಿವರನ್ನು ಒಮ್ಮೆ 1500ರವರೆಗೆ ಏರಿಸಿ ಬಿಟ್ಟು, ಅರ್ಧ ನಿಮಿಷ ಕಾದು ಆಮೇಲೆ ಅಳೆಯಿರಿ.
5. ಬೇಕಾದ ಸುತ್ತು ಬಂದ ಮೇಲೆ ತಿರುಪು ಹಿಡಿದುಕೊಂಡೇ ಚೆಕ್ ನಟ್ ಬಿಗಿಮಾಡಿ. ನಟ್ ಬಿಗಿಯುವಾಗ ತಿರುಪು ಜೊತೆಗೇ ತಿರುಗಿ 20–30 ಸುತ್ತು ಸರಿಯುವುದು ಸಾಮಾನ್ಯ. ಬಿಗಿಮಾಡಿದ ಮೇಲೆ ಮತ್ತೆ ಅಳೆಯಬೇಕು.

ಒಂದೂವರೆ ಸುತ್ತು ತಿರುಗಿಸಿದರೂ ಬೇಕಾದಷ್ಟು ಬದಲಾಗದಿದ್ದರೆ ಅಲ್ಲಿಗೆ ನಿಲ್ಲಿಸಿ. ತಿರುಪು ಅಷ್ಟೊಂದು ದೂರ ತಾನಾಗಿ ಸರಿದಿರುವುದಿಲ್ಲ, ಕಾರಣ ಬೇರೆಲ್ಲೋ ಇದೆ.

ಇನ್ನು ಕೇಬಲ್ ಮತ್ತೆ ಸೇರಿಸುವುದು. ಕಂಟ್ರೋಲ್ ನ್ಯೂಟ್ರಲ್ಲಿನಲ್ಲಿ, ಪಂಪಿನ ಲಿವರ್ ತಿರುಪಿನ ಮೇಲೆ ಕೂತಿರುವಾಗ ಪಿನ್ ತಾನಾಗಿ ತೂತಿಗೆ ಇಳಿಯಬೇಕು. ಇಳಿಯದಿದ್ದರೆ ಲಿವರನ್ನು ಎಳೆದು ಸೇರಿಸಬೇಡಿ, ಕೇಬಲ್ಲಿನ ತುದಿಯ ಕೊಕ್ಕೆಯನ್ನು ತಿರುಗಿಸಿ ಉದ್ದ ಸರಿಮಾಡಿ. ಒಂದೆರಡು ಮಿಲಿಮೀಟರ್ ಸಡಿಲ ಇರಲಿ. ಗೇರಿಗೂ ರೇಸಿಗೂ ಒಂದೇ ಹಿಡಿ ಇದ್ದರೆ ಇದು ಇನ್ನೂ ಮುಖ್ಯ. ಹಿಡಿಯ ಮೊದಲ ಚಲನೆಯಲ್ಲಿ ಗೇರ್ ಬೀಳಬೇಕು, ಆಮೇಲಷ್ಟೇ ರೇಸ್ ಏರಬೇಕು. ಕೇಬಲ್ ತುಸು ಗಿಡ್ಡವಾದರೂ ಗೇರ್ ಬೀಳುವ ಹೊತ್ತಿಗೆ ಸುತ್ತು ಏರಿರುತ್ತದೆ.

ಎರಡು ತಿರುಪಿನ ಪಂಪುಗಳು

ಬೆಂಗಳೂರಿನ ಮೈಕೋ ಕಂಪನಿ 1951ರಲ್ಲಿ ಶುರುವಾದದ್ದು, 2008ರಲ್ಲಿ ಬಾಷ್ ಲಿಮಿಟೆಡ್ ಆಯಿತು. ಇವತ್ತಿಗೂ ನಮ್ಮ ಮೆಕ್ಯಾನಿಕ್ಕುಗಳಿಗೆ ಯಾವ ಇಂಜೆಕ್ಷನ್ ಪಂಪಾದರೂ ‘ಮೈಕೋ ಪಂಪೇ’. ಆದರೆ ಐಡಲ್ ಸೆಟ್ ಮಾಡುವಾಗ ಪಂಪಿನ ಜಾತಿ ನೋಡಲೇಬೇಕು. ಸಾಲಿನಲ್ಲಿ ಬ್ಯಾರೆಲ್ಲುಗಳಿರುವ ಇನ್‌ಲೈನ್ ಪಂಪಿನ ಗವರ್ನರ್ ಡಬ್ಬಿಯಲ್ಲಿ, ಐಡಲ್ ತಿರುಪಲ್ಲದೆ ಹಿಂಬದಿಯಲ್ಲಿ ಇನ್ನೊಂದು ಸಣ್ಣ ಸ್ಪ್ರಿಂಗಿನ ತಿರುಪು ಇರಬಹುದು. ಅದು ಐಡಲ್ಲಿನ ಏರಿಳಿತವನ್ನು ತಡೆಯಲು ಇರುವುದು. ಪಂಪನ್ನು ಟೆಸ್ಟ್ ಬೆಂಚಿನ ಮೇಲೆ ಸೆಟ್ ಮಾಡಿ ಕಳಿಸಿದ್ದರೆ ಅದನ್ನು ಹಾಗೇ ಬಿಡುವುದು ಕ್ಷೇಮ.

ಸಿಎವಿ ಡಿಪಿಎ ರೋಟರಿ ಪಂಪಿನ ಕಥೆ ಬೇರೆ. ಪರ್ಕಿನ್ಸ್ 4.108ರಂಥ ಹಳೆಯ ಎಂಜಿನ್ನುಗಳಲ್ಲಿ ಇದರ ಹೈಡ್ರಾಲಿಕ್ ಗವರ್ನರ್ ಮಾದರಿ ಇರುತ್ತದೆ. ಪಂಪಿನ ಮೇಲ್ಗಡೆ ಎಂಜಿನ್ ದಿಢೀರ್ ನಿಲ್ಲದಂತೆ ತಡೆಯುವ ಆಂಟಿ ಸ್ಟಾಲ್ ತಿರುಪು ಇದೆ. ಅದನ್ನು ಬಿಟ್ಟು ಬರೀ ಐಡಲ್ ತಿರುಪು ತಿರುಗಿಸಿದರೆ ಒಂದು ಸರಿಯಾದರೆ ಇನ್ನೊಂದು ಕೆಡುತ್ತದೆ. ಕ್ರಮ ಹೀಗೆ: ಆಂಟಿ ಸ್ಟಾಲಿನ ಚೆಕ್ ನಟ್ ಸಡಿಲಿಸಿ ಅದನ್ನು ಎರಡು ಪೂರ್ತಿ ಸುತ್ತು ಹೊರಕ್ಕೆ ತನ್ನಿ. ಐಡಲ್ ತಿರುಪಿನಿಂದ ಬೇಕಾದ ಸುತ್ತಿಗೆ ತನ್ನಿ. ಈಗ ಆಂಟಿ ಸ್ಟಾಲನ್ನು ನಿಧಾನಕ್ಕೆ ಒಳಕ್ಕೆ ತಿರುಗಿಸುತ್ತಾ ಹೋಗಿ, ಎಂಜಿನ್ ಸುತ್ತು ತುಸು ಏರಿತೆಂದು ಕಂಡ ಕ್ಷಣ ನಿಲ್ಲಿಸಿ, ಅಲ್ಲಿಂದ ಅರ್ಧ ಸುತ್ತು ಹಿಂದಕ್ಕೆ ತಂದು ಲಾಕ್ ಮಾಡಿ. ಪೂರ್ತಿ ರೇಸ್ ಕೊಟ್ಟು ಒಮ್ಮೆಲೇ ಬಿಡಿ. ಮೂರು ಸೆಕೆಂಡಿನೊಳಗೆ ಐಡಲ್ಲಿಗೆ ಇಳಿಯಬೇಕು. ಅದಕ್ಕಿಂತ ನಿಧಾನವಾದರೆ ಆಂಟಿ ಸ್ಟಾಲ್ ಹೆಚ್ಚು ಒಳಗೆ ಹೋಗಿದೆ, ಎಂಜಿನ್ ನಿಂತುಹೋದರೆ ಸಾಕಷ್ಟು ಹೋಗಿಲ್ಲ.

ಗೇರ್ ಹಾಕಿ ನೋಡುವುದು

ನ್ಯೂಟ್ರಲ್ಲಿನ ಸುತ್ತು ಅರ್ಧ ಪರೀಕ್ಷೆ ಮಾತ್ರ. ದೋಣಿ ಕಟ್ಟಿದ್ದಂತೆಯೇ, ಒಬ್ಬರು ಹಗ್ಗದ ಹತ್ತಿರ ನಿಂತು, ಮುಂದಿನ ಗೇರ್ ಹಾಕಿ ಒಂದು ನಿಮಿಷ ಬಿಡಿ. ಸುತ್ತು 50ರಿಂದ 100ರವರೆಗೆ ಇಳಿದು ಅಲ್ಲೇ ನಿಂತರೆ ಒಳ್ಳೆಯದು. ನ್ಯೂಟ್ರಲ್, ಹಿಂದಿನ ಗೇರ್, ಮತ್ತೆ ನ್ಯೂಟ್ರಲ್. ಹಿಂದಿನ ಗೇರಿನಲ್ಲಿ ತುಸು ಬೇರೆ ಸಂಖ್ಯೆ ಬಂದರೆ ಚಿಂತೆಯಿಲ್ಲ. 150ಕ್ಕಿಂತ ಹೆಚ್ಚು ಇಳಿದರೆ ತಿರುಪಿಗೆ ವಾಪಸ್ ಹೋಗಬೇಡಿ, ಪ್ರೊಪೆಲ್ಲರ್, ಶಾಫ್ಟ್, ಗ್ಲ್ಯಾಂಡ್ ಈ ಮೂರನ್ನೇ ನೋಡಿ. ಎಂಜಿನ್ ಮೌಂಟಿಂಗಿನ ರಬ್ಬರ್ ಕುಸಿದು ಶಾಫ್ಟ್ ನೇರ ತಪ್ಪಿದ್ದರೂ ಹೀಗಾಗುತ್ತದೆ.

ದೋಣಿಯಲ್ಲಿ ಹೆಡ್‌ಲೈಟ್, ಬಿಲ್ಜ್ (ದೋಣಿಯ ಒಳತಳ) ನೀರೆತ್ತುವ ಪಂಪ್ ಎಲ್ಲ ಹಾಕಿ ಇನ್ನೊಮ್ಮೆ ನೋಡಿ. ಆಲ್ಟರ್ನೇಟರ್ ಹೊರೆಯೂ ಸಣ್ಣ ಎಂಜಿನ್ನನ್ನು ಇಳಿಸುತ್ತದೆ, ಅದರಲ್ಲೂ ಒಂದೇ ಸಿಲಿಂಡರಿನದನ್ನು.

ಆಗಲೂ ಐಡಲ್ ಕುಣಿಯುತ್ತಿದ್ದರೆ

ಸುತ್ತು ತಾನಾಗಿ ಏರಿ ಇಳಿದು ‘ಗುಂಯ್… ಗುಂಯ್…’ ಅನ್ನುತ್ತಿದ್ದರೆ ಮೊದಲ ಅನುಮಾನ ಡೀಸೆಲ್ಲಿನಲ್ಲಿ ಗಾಳಿ. ಟ್ಯಾಂಕ್ ಎಂಜಿನ್ನಿಗಿಂತ ಕೆಳಗಿದ್ದರೆ ಪೈಪಿನಲ್ಲಿ ಹೀರುವ ಒತ್ತಡ ಇರುತ್ತದೆ. ಬಿರುಕು ಬಿಟ್ಟ ಜಾಗದಿಂದ ಡೀಸೆಲ್ ಹೊರಗೆ ಒಸರುವುದಿಲ್ಲ, ಗಾಳಿ ಒಳಗೆ ಹೋಗುತ್ತದೆ. ಹಾಗಾಗಿ ಒಣಗಿದ ಪೈಪ್ ಕಂಡು ಸೋರಿಕೆ ಇಲ್ಲ ಎಂದು ತೀರ್ಮಾನಿಸಬೇಡಿ. ಫಿಲ್ಟರಿನ ರಬ್ಬರ್ ರಿಂಗು, ಬ್ಯಾಂಜೋ ಬೋಲ್ಟಿನ ತಾಮ್ರದ ವಾಷರು, ಕ್ಲಿಪ್ಪು ಒಂದೊಂದನ್ನೂ ನೋಡಿ. ತಾಮ್ರದ ವಾಷರ್ ಬಿಚ್ಚಿದ ಮೇಲೆ ಹೊಸದು ಹಾಕಿ, ಎರಡು ರೂಪಾಯಿಯ ವಾಷರಿಗೆ ಎರಡು ದಿನ ಹೋಗುತ್ತದೆ.

ಗಾಳಿ ತೆಗೆಯುವ ಕ್ರಮ ಟ್ಯಾಂಕಿನಿಂದ ನಾಜಲ್ (ಸಿಲಿಂಡರಿನೊಳಗೆ ಡೀಸೆಲ್ ಚಿಮ್ಮಿಸುವ ಭಾಗ) ಕಡೆಗೆ. ಫಿಲ್ಟರಿನ ಮೇಲಿನ ತಿರುಪು ಸಡಿಲಿಸಿ ಹ್ಯಾಂಡ್ ಪಂಪ್ ಒತ್ತಿ, ಗುಳ್ಳೆ ನಿಂತ ಮೇಲೆ ಬಿಗಿಮಾಡಿ. ಆಮೇಲೆ ಇಂಜೆಕ್ಷನ್ ಪಂಪಿನ ತಿರುಪು. ಕೊನೆಗೆ ನಾಜಲ್ ಪೈಪಿನ ನಟ್ ಸಡಿಲಿಸಿ ಸ್ಟಾರ್ಟರ್ ಹೊಡೆಯುವುದು. ಇಲ್ಲಿ ಪಂಪ್‌ಸೆಟ್ ಮೆಕ್ಯಾನಿಕ್‌ಗೆ ಗೊತ್ತಿರದ ಒಂದು ಅಪಾಯ ಇದೆ. ನೀರು ಬೆರೆತು ಹೋಗುವ ಸೈಲೆನ್ಸರ್ ಇರುವ ದೋಣಿಯಲ್ಲಿ ಎಂಜಿನ್ ಹೊತ್ತಿಕೊಳ್ಳದೆ ಬರೀ ಸ್ಟಾರ್ಟರ್ ಹೊಡೆಯುತ್ತಿದ್ದರೆ ನೀರಿನ ಪಂಪ್ ಸೈಲೆನ್ಸರನ್ನು ತುಂಬಿಸುತ್ತದೆ. ಹೊರತಳ್ಳಲು ಹೊಗೆಯ ಒತ್ತಡ ಇಲ್ಲ, ತುಂಬಿದ ನೀರು ವಾಲ್ವ್ ದಾಟಿ ಸಿಲಿಂಡರಿಗೆ ಬರಬಹುದು. ಗಾಳಿ ತೆಗೆಯುವಾಗ ನೀರಿನ ಕಾಕ್ ಮುಚ್ಚಿ, ಎಂಜಿನ್ ಹೊತ್ತಿಕೊಂಡ ತಕ್ಷಣ ತೆರೆಯಿರಿ. ತೆರೆಯಲು ಮರೆತರೆ ಇಂಪೆಲ್ಲರಿನ ರಬ್ಬರ್ ಒಣಗಿ ಹರಿಯುತ್ತದೆ. ಸ್ಟಾರ್ಟರ್ ಕೀಲಿಗೆ ಒಂದು ಕೆಂಪು ಬಟ್ಟೆ ಕಟ್ಟಿಡುವುದು ಒಳ್ಳೆಯ ಅಭ್ಯಾಸ.

ಏರಿಳಿತ ಇಲ್ಲ, ಆದರೆ ಎಂಜಿನ್ ಕುಂಟುತ್ತಿದೆ, ಪೆಟ್ಟಿಗೆ ಅದುರುತ್ತಿದೆ ಎಂದಾದರೆ ಒಂದು ಸಿಲಿಂಡರ್ ಕೆಲಸ ಮಾಡುತ್ತಿಲ್ಲ. ಐಡಲ್ಲಿನಲ್ಲಿ ಓಡುತ್ತಿರುವಾಗಲೇ ಒಂದೊಂದು ನಾಜಲ್ ಪೈಪಿನ ನಟ್ಟನ್ನು (ಹೆಚ್ಚಾಗಿ 17ರ ಸ್ಪ್ಯಾನರ್) ಅರ್ಧ ಸುತ್ತು ಸಡಿಲಿಸಿ ಮತ್ತೆ ಬಿಗಿಮಾಡಿ. ಸಡಿಲಿಸಿದಾಗ ಸುತ್ತು ಬಿದ್ದರೆ ಆ ಸಿಲಿಂಡರ್ ಸರಿಯಿದೆ. ಏನೂ ಬದಲಾಗದಿದ್ದರೆ ತೊಂದರೆ ಅಲ್ಲೇ. ನಟ್ಟಿನ ಸುತ್ತ ಬಟ್ಟೆ ಸುತ್ತಿ, ಕಣ್ಣಿಗೆ ಕನ್ನಡಕ ಹಾಕಿ, ಬೆರಳನ್ನು ಚಿಮ್ಮುವ ದಾರಿಯಲ್ಲಿ ಇಡಬೇಡಿ. ಆ ಪೈಪಿನ ಒತ್ತಡ 100 ಬಾರ್‌ಗಿಂತ ಮೇಲೆ, ಸಣ್ಣ ತೂತಿನಿಂದ ಬಂದ ಡೀಸೆಲ್ ಚರ್ಮ ತೂರಿ ಒಳಹೋಗುತ್ತದೆ. ಹಾಗೇನಾದರೂ ಆದರೆ ನೋವಿಲ್ಲದಿದ್ದರೂ ನೇರ ಆಸ್ಪತ್ರೆಗೆ ಹೋಗಬೇಕು. ಚೆಲ್ಲಿದ ಡೀಸೆಲ್ಲನ್ನು ಬಟ್ಟೆಯಲ್ಲಿ ಒರೆಸಿ ತೆಗೆಯಿರಿ, ಬಿಲ್ಜಿಗೆ ಬಿಟ್ಟರೆ ಅದು ಕುಡಿಯುವ ನೀರಿನ ಜಲಾಶಯಕ್ಕೆ ಹೋಗುತ್ತದೆ.

ಸತ್ತ ಸಿಲಿಂಡರಿನ ನಾಜಲ್ಲನ್ನು ಪಕ್ಕದ್ದರ ಜೊತೆ ಅದಲುಬದಲು ಮಾಡಿ ನೋಡಿ, ಕೆಳಗಿನ ಸೀಲ್ ವಾಷರ್ ಹೊಸದಿರಲಿ. ತೊಂದರೆ ನಾಜಲ್ ಜೊತೆಗೇ ಹೋದರೆ ಅದನ್ನು ಟೆಸ್ಟಿಗೆ ಕೊಡಿ. ಅಲ್ಲೇ ಉಳಿದರೆ ಟ್ಯಾಪೆಟ್ ಸಂದು (ವಾಲ್ವಿನ ಮೇಲ್ತುದಿಯಲ್ಲಿ ಬಿಡುವ ಸಣ್ಣ ಸಂದು) ಅಳೆಯಿರಿ. ಯಾನ್ಮಾರ್ ಜಿಎಂಗೆ ತಣ್ಣಗಿರುವಾಗ 0.2 ಮಿ.ಮೀ., ಬೇರೆ ಎಂಜಿನ್ನಿಗೆ ಅದರದೇ ಅಳತೆ. ಅದೂ ಸರಿಯಿದ್ದರೆ ಕಂಪ್ರೆಷನ್.

ಹೊಗೆಯೂ ಒಂದಿಷ್ಟು ಹೇಳುತ್ತದೆ. ಬಿಸಿಯಾದ ಮೇಲೂ ಐಡಲ್ಲಿನಲ್ಲಿ ಬಿಳಿ ಹೊಗೆ, ಕಣ್ಣು ಉರಿಸುವ ವಾಸನೆ ಇದ್ದರೆ ಡೀಸೆಲ್ ಸುಡದೆ ಹೊರಬರುತ್ತಿದೆ. ನೀರಿನ ಮೇಲೆ ಬಣ್ಣಬಣ್ಣದ ಪೊರೆಯೂ ಕಾಣುತ್ತದೆ. ನೀಲಿ ಹೊಗೆ ಆಯಿಲ್ಲಿನದು. ಐಡಲ್ಲಿನಲ್ಲೇ ಕಪ್ಪು ಬಂದರೆ ಏರ್ ಫಿಲ್ಟರ್ ಅಥವಾ ಹನಿಯುವ ನಾಜಲ್.

ಪ್ರವಾಸಿಗರು ಹತ್ತಿ ಇಳಿಯುವಷ್ಟು ಹೊತ್ತೂ ಎಂಜಿನ್ ಐಡಲ್ಲಿನಲ್ಲೇ ಬಿಡುವ ಅಭ್ಯಾಸ ಬಿಡುವುದು ಒಳ್ಳೆಯದು. ಹತ್ತು ನಿಮಿಷಕ್ಕಿಂತ ಹೆಚ್ಚು ನಿಲ್ಲಿಸುವುದಾದರೆ ಆಫ್ ಮಾಡಿ. ಹೊರೆಯಿಲ್ಲದೆ ಗಂಟೆಗಟ್ಟಲೆ ಓಡಿದ ಡೀಸೆಲ್ ತಣ್ಣಗೆ ಸುಡುತ್ತದೆ, ನಾಜಲ್ ತುದಿಗೆ ಮಸಿ ಕಟ್ಟುತ್ತದೆ, ಸಿಲಿಂಡರಿನ ಗೋಡೆ ಕನ್ನಡಿಯಾಗಿ ರಿಂಗು ಹಿಡಿತ ಬಿಡುತ್ತದೆ. ಆ ಮಸಿ ಕಟ್ಟಿದ ನಾಜಲ್ಲೇ ಮುಂದಿನ ವರ್ಷ ಐಡಲ್ ಕೆಟ್ಟಿತೆಂಬ ದೂರಾಗಿ ಬರುತ್ತದೆ.

ಎಲ್ಲ ಮುಗಿದ ಮೇಲೆ ತಿರುಪು ಮತ್ತು ಚೆಕ್ ನಟ್ ಸೇರುವಲ್ಲಿ ಬಣ್ಣದ ಒಂದು ಗೆರೆ ಎಳೆಯಿರಿ, ಯಾರಾದರೂ ತಿರುಗಿಸಿದರೆ ಗೆರೆ ಮುರಿದು ಗೊತ್ತಾಗುತ್ತದೆ. ಪೆಟ್ಟಿಗೆಯ ಮುಚ್ಚಳದ ಒಳಗಡೆ ದಿನಾಂಕ, ನ್ಯೂಟ್ರಲ್ಲಿನ ಸುತ್ತು, ಗೇರಿನಲ್ಲಿ ಎಷ್ಟು ಇಳಿಯಿತು, ಡ್ಯಾಶ್ ಮೀಟರ್ ಎಷ್ಟು ತೋರಿಸಿತು ಎಂದು ಬರೆದಿಡಿ. 25 ಗಂಟೆ ಓಡಿದ ಮೇಲೆ ಮತ್ತೊಮ್ಮೆ ಅಳೆದು ಅದರ ಕೆಳಗೇ ಇನ್ನೊಂದು ಸಾಲು.